ಫೇಲ್‌ಓವರ್ ಆಯ್ತು, ವಾಪಸ್ ಬರೋದು ಯಾವಾಗ?

2021ರ ಫೆಬ್ರವರಿ 24, ಬುಧವಾರ. ಬೆಳಿಗ್ಗೆ 11:40ಕ್ಕೆ ಎನ್‌ಎಸ್‌ಇ ವಹಿವಾಟು ನಿಲ್ಲಿಸಿತು. ಮರುದಿನ ಎಫ್ ಅಂಡ್ ಓ ತಿಂಗಳ ಎಕ್ಸ್‌ಪೈರಿ. ಆ ದಿನ ಪೊಸಿಷನ್ ಇಟ್ಕೊಂಡು ಕೂತಿದ್ದವರಿಗೆ ಆ ನಾಲ್ಕು ಗಂಟೆ ಹೇಗಿತ್ತು ಅಂತ ನಾನು ಹೇಳಬೇಕಾಗಿಲ್ಲ, ನಿಮ್ಮ ಆಫೀಸಿನಲ್ಲೇ ಒಬ್ಬರಾದರೂ ಸಿಗ್ತಾರೆ. ಬಿಎಸ್‌ಇ ನಡೀತಾನೇ ಇತ್ತು. ಮಾಮೂಲಿ ಬಾಗಿಲು ಹಾಕೋ ಹೊತ್ತು 3:30. ಎನ್‌ಎಸ್‌ಇ ಇವತ್ತು ಏಳಲ್ಲ ಅಂದುಕೊಂಡು ಎಷ್ಟೋ ಬ್ರೋಕರ್‌ಗಳು ಗ್ರಾಹಕರ ಇಂಟ್ರಾಡೇ ಪೊಸಿಷನ್‌ಗಳನ್ನು ಬಿಎಸ್‌ಇನಲ್ಲೇ ಸ್ಕ್ವೇರ್ ಆಫ್ ಮಾಡಿಬಿಟ್ಟರು. ಆಮೇಲೆ 3:45ಕ್ಕೆ ಎನ್‌ಎಸ್‌ಇ ಮತ್ತೆ ತೆರೆಯಿತು, 5 ಗಂಟೆವರೆಗೂ ನಡೆಯಿತು. ಅವತ್ತು ಸೆನ್ಸೆಕ್ಸ್ ಸಾವಿರ ಪಾಯಿಂಟ್‌ಗೂ ಹೆಚ್ಚು ಏರಿ ದಿನ ಮುಗಿಸಿತು. ಆ ಏರಿಕೆಯ ಹೊತ್ತಿಗೆ ಕೈಯಲ್ಲಿ ಏನೂ ಉಳಿಯದವರ ಸಿಟ್ಟು ಎಂಥದ್ದಿರಬೇಕು, ಯೋಚಿಸಿ.

ಕಾರಣ ಏನು ಅಂತ ಎನ್‌ಎಸ್‌ಇ ಆಮೇಲೆ ಹೇಳಿತು. ಎರಡು ಟೆಲಿಕಾಂ ಕಂಪನಿಗಳ ಲಿಂಕ್‌ಗಳು ಕೈಕೊಟ್ಟವು, ಅದರ ಪೆಟ್ಟು ಸ್ಯಾನ್ ಮೇಲೆ ಬಿತ್ತು, ರಿಸ್ಕ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಸಿಗದೇ ಹೋಯ್ತು. ಸ್ಯಾನ್ ಅಂದ್ರೆ ನೂರಾರು ಸರ್ವರ್‌ಗಳು ಹಂಚಿಕೊಂಡು ಬಳಸುವ ಡಿಸ್ಕ್‌ಗಳ ಗೋಡೌನ್ ಅಂದ್ಕೊಳ್ಳಿ. ಅವತ್ತು ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಕೋಟಿ ಕೋಟಿ ಸುರಿದು ಕಟ್ಟಿದ ಡಿಆರ್ ಸೈಟ್ ಇತ್ತಲ್ಲ, ಅಲ್ಲಿಗೆ ಯಾಕೆ ಹೋಗಲಿಲ್ಲ?

ನ್ಯಾಯವಾದ ಪ್ರಶ್ನೆ. ಸೆಬಿ ಕೂಡ ಅದನ್ನೇ ಕೇಳಿತು. ಆದರೆ ಹದಿನೈದು ವರ್ಷಕ್ಕೂ ಮೇಲೆ ಸ್ಟೋರೇಜ್ ಕೆಲಸದಲ್ಲೇ ರಾತ್ರಿಗಳನ್ನು ಕಳೆದ ನನ್ನಂಥವರ ತಲೆಯಲ್ಲಿ ಮೊದಲು ಏಳೋದು ಬೇರೆ ಪ್ರಶ್ನೆ. ಸರಿ, ಹೋದೆವು ಅಂತಿಟ್ಟುಕೊಳ್ಳಿ. ವಾಪಸ್ ಬರೋದು ಹೇಗೆ? ಈ ಎರಡನೇ ಪ್ರಶ್ನೆಗೆ ಉತ್ತರ ಗಟ್ಟಿಯಾಗಿಲ್ಲದ ಕಡೆ ಮೊದಲನೆಯದಕ್ಕೆ ಯಾರೂ ಬೇಗ ಕೈ ಎತ್ತುವುದಿಲ್ಲ. ಇದು ಎನ್‌ಎಸ್‌ಇ ಬಗ್ಗೆ ಹೇಳ್ತಿರೋ ಮಾತಲ್ಲ, ನಾನು ನೋಡಿದ ಎಲ್ಲಾ ಕಡೆಯದ್ದು. ಡಿಸಾಸ್ಟರ್ ರಿಕವರಿ ಅನ್ನೋ ನಮ್ಮ ವೃತ್ತಿಯ ಚರಿತ್ರೆಯಲ್ಲಿ ಹೋಗುವ ದಾರಿಯ ಬಗ್ಗೆ ಪುಟಗಟ್ಟಲೆ ಇದೆ, ಬರುವ ದಾರಿಯ ಬಗ್ಗೆ ಅಲ್ಲೊಂದು ಇಲ್ಲೊಂದು ಸಾಲು. ಅದು ಯಾಕೆ ಹಾಗಾಯ್ತು ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಮೊದಲು ಇದೆಲ್ಲ ಟೇಪ್‌ಗಳ ವ್ಯವಹಾರ. ರಾತ್ರಿ ಡೇಟಾವನ್ನೆಲ್ಲ ಟೇಪಿಗೆ ಇಳಿಸು, ಪೆಟ್ಟಿಗೆಯಲ್ಲಿ ಹಾಕಿ ಬೇರೆ ಕಟ್ಟಡಕ್ಕೆ ಕಳಿಸು. ಮೇನ್‌ಫ್ರೇಮ್ ಸುಟ್ಟುಹೋದರೆ ಟೇಪ್ ಇದೆ, ಸರಿ; ಓಡಿಸೋಕೆ ಇನ್ನೊಂದು ಮೇನ್‌ಫ್ರೇಮ್ ಎಲ್ಲಿ? ಈ ಚಿಂತೆಯನ್ನೇ ವ್ಯಾಪಾರ ಮಾಡಿದವರು ಫಿಲಡೆಲ್ಫಿಯಾದವರು. ಮುಂದೆ ಸನ್‌ಗಾರ್ಡ್ ಅಂತ ಹೆಸರಾದ ಕಂಪನಿ 1978ರಲ್ಲಿ ಅಲ್ಲಿ ಒಂದು ಹಾಟ್ ಸೈಟ್ ತೆರೆಯಿತು. ಹತ್ತಾರು ಗಿರಾಕಿಗಳು ತಿಂಗಳಿಗಿಷ್ಟು ಅಂತ ಕೊಡ್ತಾರೆ, ಯಾರ ಮನೆಗೆ ಬೆಂಕಿ ಬಿದ್ದರೂ ಅವರು ಟೇಪ್ ಹೊತ್ತುಕೊಂಡು ಇಲ್ಲಿಗೆ ಓಡಿ ಬರಬಹುದು. ಕಲ್ಯಾಣ ಮಂಟಪ ಮುಂಗಡ ಬುಕ್ ಮಾಡಿದ ಹಾಗೆ. ಒಂದೇ ದಿನ ಎಲ್ಲರ ಮನೆಯಲ್ಲೂ ಮದುವೆ ಬರಬಾರದು ಅಷ್ಟೇ.

ಮಿರರ್ ಮಾಡುವ ಐಡಿಯಾ ಅದಕ್ಕಿಂತ ಸ್ವಲ್ಪ ಹಳೆಯದು. 1974ರಲ್ಲಿ ಶುರುವಾದ ಟ್ಯಾಂಡೆಮ್ ಕಂಪನಿಯ ನಾನ್‌ಸ್ಟಾಪ್ ಕಂಪ್ಯೂಟರ್‌ಗಳು ಪ್ರತಿ ಬರಹವನ್ನೂ ಎರಡೆರಡು ಡಿಸ್ಕ್‌ಗೆ ಬರೆಯುತ್ತಿದ್ದವು. ಒಂದು ಸತ್ತರೆ ಇನ್ನೊಂದು. ಬ್ಯಾಂಕುಗಳಿಗೆ ಇದು ಬಹಳ ಹಿಡಿಸಿತು. ಆದರೆ ಎರಡು ಡಿಸ್ಕೂ ಒಂದೇ ರೂಮಿನಲ್ಲಿ. ಡಿಸ್ಕ್ ಕೆಟ್ಟರೆ ಪರಿಹಾರ ಇತ್ತು, ಕಟ್ಟಡ ಕೆಟ್ಟರೆ ಇರಲಿಲ್ಲ.

ಆ ಕನ್ನಡಿಯನ್ನು ರೂಮಿನಿಂದ ಹೊರಗೆ, ಊರಾಚೆಗೆ ಒಯ್ದದ್ದು 1994ರಲ್ಲಿ. ಇಎಂಸಿ ಕಂಪನಿ ತನ್ನ ಸಿಮೆಟ್ರಿಕ್ಸ್ ಅನ್ನೋ ದೊಡ್ಡ ಸ್ಟೋರೇಜ್ ಪೆಟ್ಟಿಗೆಗೆ ಎಸ್‌ಆರ್‌ಡಿಎಫ್ ಅನ್ನೋ ಸೌಲಭ್ಯ ಸೇರಿಸಿತು. ಸರ್ವರ್ ಒಂದು ಬ್ಲಾಕ್ ಬರೆಯುತ್ತೆ. ಇಲ್ಲಿನ ಪೆಟ್ಟಿಗೆ ಅದನ್ನು ಇಟ್ಟುಕೊಂಡು, ದೂರದ ಪೆಟ್ಟಿಗೆಗೂ ಕಳಿಸುತ್ತೆ. 'ಬಂತು' ಅಂತ ಅಲ್ಲಿಂದ ಉತ್ತರ ಬಂದಮೇಲೇ ಸರ್ವರ್‌ಗೆ 'ಬರೆದಾಯ್ತು' ಅಂತ ಹೇಳುತ್ತೆ. ಇದು ಸಿಂಕ್ರೊನಸ್ ವಿಧಾನ. ಒಂದು ಬೈಟ್ ಕೂಡ ಕಳೆಯಲ್ಲ. ಸರ್ವರ್‌ಗೆ ಇದರ ಗಂಧ ಗಾಳಿಯೂ ಇರಲ್ಲ, ಎಲ್ಲಾ ಸ್ಟೋರೇಜ್ ಒಳಗೇ ನಡೆದುಹೋಗುತ್ತೆ. ಅಪ್ಲಿಕೇಶನ್ ಬರೆದವರನ್ನು ಕೇಳಬೇಕಾಗಿಯೇ ಇಲ್ಲ ಅನ್ನೋದೇ ಇದರ ಸೊಗಸು.

ಬೆಲೆ ತೆರಬೇಕಾದ್ದು ದೂರಕ್ಕೆ. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಹೋಗುತ್ತೆ. ನೂರು ಕಿಲೋಮೀಟರ್ ಆಚೆ ಕನ್ನಡಿ ಇಟ್ಟರೆ ಹೋಗಿ ಬರೋಕೆ ಒಂದು ಮಿಲಿಸೆಕೆಂಡು, ಪ್ರತಿ ಬರಹಕ್ಕೂ. ಮುಂಬೈಯದ್ದನ್ನು ಚೆನ್ನೈಯಲ್ಲಿಟ್ಟರೆ ಹತ್ತಕ್ಕೂ ಹೆಚ್ಚು, ಅದೂ ದಾರಿ ನೇರವಾಗಿದ್ದರೆ. ಹತ್ತು ಮಿಲಿಸೆಕೆಂಡು ನಮಗೆ ಏನೂ ಅಲ್ಲ, ಡೇಟಾಬೇಸ್‌ಗೆ ಅದು ಯುಗ. ಹಾಗಾಗಿ ದೂರದ ಕನ್ನಡಿ ಯಾವಾಗಲೂ ಅಸಿಂಕ್ರೊನಸ್: ಇಲ್ಲಿ ಬರೆದಾಯ್ತು ಅಂತ ಮೊದಲು ಹೇಳಿಬಿಟ್ಟು, ಆಮೇಲೆ ನಿಧಾನಕ್ಕೆ ಅಲ್ಲಿಗೆ ಕಳಿಸೋದು. ಕೆಲವು ಸೆಕೆಂಡು, ಕೆಲವು ನಿಮಿಷ ಹಿಂದೆ ಇರುತ್ತೆ. ಆ ಹಿಂದುಳಿದ ಸೆಕೆಂಡುಗಳೇ ಮುಂದೆ ಜೀವ ತಿನ್ನೋದು, ಅದಕ್ಕೆ ಬರ್ತೀನಿ.

2001ರ ಸೆಪ್ಟೆಂಬರ್ 11ರ ಬಗ್ಗೆ ಈ ವೃತ್ತಿಯಲ್ಲಿ ಮಾತಾಡದೆ ಇರೋಕಾಗಲ್ಲ. ಕ್ಯಾಂಟರ್ ಫಿಟ್ಜ್‌ಜೆರಾಲ್ಡ್ ಅನ್ನೋ ಬಾಂಡ್ ವ್ಯಾಪಾರದ ಸಂಸ್ಥೆ ವರ್ಲ್ಡ್ ಟ್ರೇಡ್ ಸೆಂಟರಿನ ಉತ್ತರ ಗೋಪುರದ ಮೇಲಿನ ಮಹಡಿಗಳಲ್ಲಿತ್ತು. ಅವತ್ತು ಆ ಸಂಸ್ಥೆಯ 658 ಜನ ತೀರಿಹೋದರು. ಎರಡು ದಿನ ಬಿಟ್ಟು, 13ನೇ ತಾರೀಕು ಅಮೆರಿಕದ ಬಾಂಡ್ ಮಾರುಕಟ್ಟೆ ಮತ್ತೆ ತೆರೆದಾಗ ಅವರ ಇಸ್ಪೀಡ್ ಟ್ರೇಡಿಂಗ್ ವ್ಯವಸ್ಥೆ ಚಾಲೂ ಇತ್ತು. ನ್ಯೂಜೆರ್ಸಿಯ ರೋಶೆಲ್ ಪಾರ್ಕ್‌ನಲ್ಲಿ ಎರಡನೇ ಡೇಟಾ ಸೆಂಟರ್ ಇತ್ತು, ಲಂಡನ್ ಆಫೀಸಿನವರು ಬದುಕಿದ್ದರು. ಡೇಟಾ ಉಳಿದಿತ್ತು. ಅದನ್ನು ಕಟ್ಟಿದವರಲ್ಲಿ ಎಷ್ಟೋ ಜನ ಉಳಿದಿರಲಿಲ್ಲ. ಡಿಆರ್ ಬಗ್ಗೆ ತರಬೇತಿ ಕೊಡುವವರು ಈ ಕಥೆಯನ್ನು ಯಶಸ್ಸಿನ ಕಥೆ ಅಂತ ಹೇಳ್ತಾರೆ. ನನಗೆ ಅದನ್ನು ಹಾಗೆ ಹೇಳೋಕೆ ಬಾಯಿ ಬರಲ್ಲ.

ಆ ಘಟನೆ ಇಡೀ ಉದ್ಯಮದ ಕಲ್ಪನೆಯನ್ನೇ ಬದಲಿಸಿತು. ಅಮೆರಿಕದ ನಿಯಂತ್ರಕರು ಕರಡು ಬರೆದರು, ಎರಡು ಸೈಟುಗಳ ನಡುವೆ 200-300 ಮೈಲಿ ಇರಬೇಕೇ ಅನ್ನೋ ಮಾತು ಬಂತು, ಬ್ಯಾಂಕುಗಳು ಮೇಲೆ ಹೇಳಿದ ಬೆಳಕಿನ ಲೆಕ್ಕ ಮುಂದಿಟ್ಟು ಆಗಲ್ಲ ಅಂದವು, ಕೊನೆಗೆ 2003ರಲ್ಲಿ ಬಂದ ಅಂತಿಮ ದಾಖಲೆಯಲ್ಲಿ ಮೈಲಿಯ ಸಂಖ್ಯೆ ಇರಲಿಲ್ಲ. ಅದಿರಲಿ. ನನಗೆ ಮುಖ್ಯ ಅನ್ನಿಸೋದು ಬೇರೆ. ಅವತ್ತಿಂದ 'ಡಿಸಾಸ್ಟರ್' ಅಂದ ಕೂಡಲೇ ನಮ್ಮ ಕಣ್ಣೆದುರು ಬರೋದು ಕುಸಿದ ಕಟ್ಟಡ. ಕುಸಿದ ಕಟ್ಟಡಕ್ಕೆ ಯಾರೂ ವಾಪಸ್ ಹೋಗಲ್ಲ. ಹಾಗಾಗಿ ಫೇಲ್‌ಬ್ಯಾಕ್ ಅನ್ನೋದು ಯೋಜನೆಯ ಕೊನೆಯ ಪುಟದ ಅಡಿಟಿಪ್ಪಣಿಯಾಗಿ ಉಳೀತು. ನಿಜ ಜೀವನದ ಡಿಸಾಸ್ಟರ್‌ಗಳು ಹಾಗಿರಲ್ಲ. ಲಿಂಕ್ ಅರ್ಧ ಸತ್ತಿರುತ್ತೆ. ಸ್ಯಾನ್ ಕುಂಟ್ತಾ ಇರುತ್ತೆ. ಕರೆಂಟು ಹೋಗಿ ಇನ್ನೆರಡು ಗಂಟೆಯಲ್ಲಿ ಬರಬಹುದು ಅಂತಾರೆ. ಪ್ರೈಮರಿ ಸತ್ತಿಲ್ಲ, ನೆಟ್ಟಗೂ ಇಲ್ಲ. ನಾಳೆ ಅಲ್ಲಿಗೇ ಮರಳಬೇಕು.

ಇನ್ನು ವರ್ಚುವಲ್ ಮಷಿನ್ ಕಥೆ. ಐಬಿಎಂನವರು 1972ರಲ್ಲೇ ವಿಎಂ/370 ಅಂತ ಬಿಟ್ಟಿದ್ದರು, ಒಂದು ಮೇನ್‌ಫ್ರೇಮ್ ಒಳಗೆ ಹಲವು ಮೇನ್‌ಫ್ರೇಮ್. ನಮ್ಮ ಮಾಮೂಲಿ ಇಂಟೆಲ್ ಸರ್ವರ್‌ಗಳಿಗೆ ಆ ಭಾಗ್ಯ ಬಂದಿದ್ದು 1998ರಲ್ಲಿ ವಿಎಂವೇರ್ ಶುರುವಾದ ಮೇಲೆ. ಡೇಟಾ ಸೆಂಟರಿಗೆ ಬೇಕಾದ ಇಎಸ್‌ಎಕ್ಸ್ ಬಂದಿದ್ದು 2001ರಲ್ಲಿ. ಎಲ್ಲರೂ ಅದನ್ನು ಹಾರ್ಡ್‌ವೇರ್ ಉಳಿತಾಯ ಅಂತ ನೋಡಿದರು. ಡಿಆರ್ ಮಾಡುವವರಿಗೆ ಕಂಡದ್ದು ಇನ್ನೊಂದು: ಇಡೀ ಕಂಪ್ಯೂಟರ್ ಈಗ ಒಂದು ಫೈಲ್. ಫೈಲ್ ಇರೋದು ಸ್ಟೋರೇಜ್‌ನಲ್ಲಿ. ಸ್ಟೋರೇಜ್ ಮಿರರ್ ಆದರೆ ಕಂಪ್ಯೂಟರೇ ಮಿರರ್ ಆದ ಹಾಗೆ! 2004ರ ಹೊತ್ತಿಗೆ ವಿಎಂವೇರ್ ಅನ್ನು ಕೊಂಡುಕೊಂಡಿದ್ದೂ ಅದೇ ಇಎಂಸಿ. ಕನ್ನಡಿ ಮಾರುವವನೇ ಮುಖವನ್ನೂ ಕೊಂಡುಕೊಂಡ.

ಅದಕ್ಕೂ ಮುಂಚೆ ಹೇಗಿತ್ತು ಅಂತ ಈಗಿನ ಕ್ಲೌಡ್ ಹುಡುಗರಿಗೆ ಹೇಳಿದರೆ ನಂಬಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೆಂಗಳೂರಿನಿಂದ ನೈಟ್ ಶಿಫ್ಟ್‌ನಲ್ಲಿ ಹೊರದೇಶದ ಗ್ರಾಹಕರೊಬ್ಬರ ಡಿಆರ್ ಡ್ರಿಲ್ ನೋಡ್ಕೋತಿದ್ವಿ. ಇಲ್ಲಿ ಒಂದು ಮಾದರಿಯ ಸರ್ವರ್, ಡಿಆರ್‌ನಲ್ಲಿ ಹಿಂದಿನ ವರ್ಷದ ಮಾದರಿ. ಡಿಸ್ಕ್ ಕಂಟ್ರೋಲರ್ ಬೇರೆ, ಡ್ರೈವರ್ ಬೇರೆ. ಡೇಟಾ ಪೂರ್ತಿ ಬಂದು ಕೂತಿದೆ, ಆದರೆ ಸರ್ವರ್ ಏಳ್ತಿಲ್ಲ, ನೀಲಿ ಸ್ಕ್ರೀನ್. ನಮ್ಮಲ್ಲಿ ಒಂದು ಮಾತಿದೆಯಲ್ಲ, ಕನ್ನಡಿಯೊಳಗಿನ ಗಂಟು ಅಂತ. ಕಾಣುತ್ತೆ, ಕೈಗೆ ಸಿಗಲ್ಲ. ವಿಎಂ ಬಂದಮೇಲೆ ಆ ಗಂಟು ಕೈಗೆ ಸಿಗುವ ಹಾಗಾಯ್ತು. ಕೆಳಗಿನ ಹಾರ್ಡ್‌ವೇರ್ ಯಾವುದಾದರೂ ವಿಎಂಗೆ ಕಾಣೋ ಕಂಟ್ರೋಲರ್ ಅದೇ.

ಹಾಗಂತ ಮಂತ್ರ ಹಾಕಿದ ಹಾಗೆ ಏಳುತ್ತಿರಲಿಲ್ಲ. ಮೊದಲು ಮಿರರ್ ಕಡಿದು, ಆಚೆಯ ಪ್ರತಿಗೆ ಬರೆಯುವ ಹಕ್ಕು ಕೊಡಬೇಕು. ಇಎಸ್‌ಎಕ್ಸ್ ಆ ಡಿಸ್ಕನ್ನು ನೋಡಿ 'ಇದು ನಕಲು, ನಂಬಲ್ಲ' ಅನ್ನುತ್ತೆ. ಅದಕ್ಕೆ ಹೊಸ ಸಿಗ್ನೇಚರ್ ಬರೆಸಬೇಕು. ಒಂದೊಂದೇ ವಿಎಂ ರಿಜಿಸ್ಟರ್ ಮಾಡಬೇಕು, ನೆಟ್‌ವರ್ಕ್ ಜೋಡಿಸಬೇಕು, ಐಪಿ ಬದಲಿಸಬೇಕು. ಮೊದಲು ಡಿಎನ್‌ಎಸ್ ಏಳಬೇಕು, ಆಮೇಲೆ ಡೇಟಾಬೇಸ್, ಆಮೇಲೆ ಅಪ್ಲಿಕೇಶನ್. ಅತ್ತೆ ಸೊಸೆ ಎದ್ದೇಳುವ ಕ್ರಮದಲ್ಲಿ ಹೆಚ್ಚುಕಮ್ಮಿಯಾದರೂ ಮನೆ ನಡೆಯುತ್ತೆ, ಇದು ನಡೆಯಲ್ಲ. ಈ ಚಾಕರಿಯನ್ನೆಲ್ಲ ಒಂದು ಬಟನ್‌ಗೆ ತಂದದ್ದು 2008ರಲ್ಲಿ ಬಂದ ವಿಎಂವೇರ್‌ನ ಸೈಟ್ ರಿಕವರಿ ಮ್ಯಾನೇಜರ್, ನಮ್ಮ ಬಾಯಲ್ಲಿ ಎಸ್‌ಆರ್‌ಎಂ. ನೂರು ಪುಟದ ರನ್‌ಬುಕ್ ಹೋಗಿ ಒಂದು ಸ್ಕ್ರೀನ್ ಬಂತು.

ಈಗ ನೋಡಿ ತಮಾಷೆ. ಆ ಬಟನ್ ಹೋಗೋಕೆ ಮಾತ್ರ ಇತ್ತು. ಬರೋಕೆ ಬೇಕಾದ 'ರೀಪ್ರೊಟೆಕ್ಟ್' ಅನ್ನೋ ಬಟನ್ ಸೇರಿದ್ದು 2011ರಲ್ಲಿ, 5.0 ಆವೃತ್ತಿಯಲ್ಲಿ. ಮೂರು ವರ್ಷ ಜಗತ್ತಿನ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳು ಅಭಿಮನ್ಯು ಥರ ಇದ್ದವು. ಚಕ್ರವ್ಯೂಹದ ಒಳಗೆ ಹೋಗೋದು ಗೊತ್ತು, ಹೊರಗೆ ಬರೋದನ್ನು ಯಾರೂ ಹೇಳಿಕೊಟ್ಟಿಲ್ಲ. ಆ ಕಾಲದಲ್ಲಿ ನಾನು ನೋಡಿಕೊಳ್ಳುತ್ತಿದ್ದ ಒಂದು ರನ್‌ಬುಕ್‌ನಲ್ಲಿ ಫೇಲ್‌ಓವರ್‌ಗೆ ಅಧ್ಯಾಯಗಳ ಮೇಲೆ ಅಧ್ಯಾಯ. "ವಾಪಸ್ ಬರೋ ಸ್ಟೆಪ್ಸ್ ಎಲ್ಲಿದೆ ಸಾರ್?" ಅಂತ ಟೀಮ್ ಲೀಡರನ್ನು ಕೇಳಿದೆ. "ಕೊನೇ ಪುಟ ನೋಡಪ್ಪಾ" ಅಂದರು. ಕೊನೇ ಪುಟದಲ್ಲಿ ಒಂದೇ ಸಾಲು ಇತ್ತು: ಮೇಲಿನ ಕ್ರಮವನ್ನು ಹಿಮ್ಮುಖವಾಗಿ ಅನುಸರಿಸಿ.

ಹಿಮ್ಮುಖ ಅಷ್ಟು ಸುಲಭವೇ? ಡಿಆರ್‌ನಲ್ಲಿ ಆರು ಗಂಟೆ ಕೆಲಸ ನಡೆಯಿತು ಅಂತಿಟ್ಟುಕೊಳ್ಳಿ. ಆ ಆರು ಗಂಟೆಯ ಬರಹ ಅಲ್ಲಿ ಮಾತ್ರ ಇದೆ. ಹಳೆಯ ಪ್ರೈಮರಿ ಎದ್ದು ಕೂತರೆ ಅದರ ಲೆಕ್ಕದಲ್ಲಿ ಇನ್ನೂ ಬೆಳಗಿನ ಹೊತ್ತು. ಜೊತೆಗೆ, ಕನ್ನಡಿ ಅಸಿಂಕ್ರೊನಸ್ ಆಗಿದ್ದರೆ, ಸಾಯುವ ಮುಂಚಿನ ಕೊನೆಯ ಕೆಲವು ಸೆಕೆಂಡಿನ ಬರಹ ಇಲ್ಲಿ ಮಾತ್ರ ಇದೆ, ಅಲ್ಲಿಲ್ಲ. ಎರಡೂ ನಿಜ, ಎರಡೂ ಅಪೂರ್ಣ. ಸ್ಟೋರೇಜ್‌ಗೆ ನೀವು ಹೇಳಬೇಕು: ಇನ್ನು ಮೇಲೆ ಅದೇ ಅಸಲು, ಇದು ನಕಲು. ದಿಕ್ಕು ತಿರುಗಿಸು. ಹಾಗೆ ಹೇಳಿದ ಕ್ಷಣ ಇಲ್ಲಿನ ಆ ಕೊನೆಯ ಸೆಕೆಂಡುಗಳ ಬರಹ ಅಳಿಸಿಹೋಗುತ್ತೆ. ಅದರಲ್ಲಿ ಯಾರದ್ದೋ ಸಂಬಳ ಜಮಾ ಆಗಿರಬಹುದು, ಯಾರದ್ದೋ ಆರ್ಡರ್ ಇರಬಹುದು. ಅಪ್ಪಿತಪ್ಪಿ ದಿಕ್ಕು ಉಲ್ಟಾ ಕೊಟ್ಟರಂತೂ ಆರು ಗಂಟೆಯ ಕೆಲಸವೇ ಹೋಯ್ತು.

ಅದೃಷ್ಟಕ್ಕೆ, ಯಾವ ಯಾವ ಟ್ರ್ಯಾಕ್ ಬದಲಾಗಿದೆ ಅಂತ ಸ್ಟೋರೇಜ್ ಒಂದು ಪಟ್ಟಿ ಇಟ್ಟುಕೊಂಡಿರುತ್ತೆ. ಪಟ್ಟಿ ಉಳಿದಿದ್ದರೆ ಬದಲಾದಷ್ಟನ್ನೇ ವಾಪಸ್ ಕಳಿಸಿದರೆ ಸಾಕು. ಹಳೆಯ ಪೆಟ್ಟಿಗೆಯನ್ನೇ ಬದಲಿಸಿದ್ದರೆ ಇಡೀ ಡೇಟಾ ಹೊಸದಾಗಿ ಹೋಗಬೇಕು, ಲಿಂಕ್ ಎಷ್ಟು ಅಗಲ ಇದೆಯೋ ಅಷ್ಟು ದಿನ. ಅಷ್ಟೂ ದಿನ ನೀವು ಓಡ್ತಿರೋದು ಡಿಆರ್ ಮೇಲೆ, ಮತ್ತು ಆ ಡಿಆರ್‌ಗೆ ಡಿಆರ್ ಇಲ್ಲ. ನನ್ನ ಪ್ರಕಾರ ಇಡೀ ಆಟದಲ್ಲಿ ಅತಿ ಅಪಾಯದ ಹೊತ್ತು ಇದು. ಮೇಲಧಿಕಾರಿಗಳು ಅಷ್ಟರಲ್ಲಿ ಚಪ್ಪಾಳೆ ತಟ್ಟಿ ಮನೆಗೆ ಹೋಗಿರ್ತಾರೆ.

ಇದೆಲ್ಲ ಪುಸ್ತಕದ ಭಯ ಅನ್ನಿಸಿದರೆ ಗಿಟ್‌ಹಬ್ ಕಥೆ ಕೇಳಿ. 2018ರ ಅಕ್ಟೋಬರ್ 21. ಹಾಳಾಗುತ್ತಿದ್ದ ಒಂದು 100 ಜಿ ಆಪ್ಟಿಕಲ್ ಉಪಕರಣ ಬದಲಿಸುವಾಗ ಅಮೆರಿಕದ ಪೂರ್ವ ತೀರದ ಅವರ ಡೇಟಾ ಸೆಂಟರಿನ ಸಂಪರ್ಕ 43 ಸೆಕೆಂಡು ತಪ್ಪಿತು. ಬರೀ 43 ಸೆಕೆಂಡು. ಅಷ್ಟರಲ್ಲಿ ಅವರ ಸ್ವಯಂಚಾಲಿತ ವ್ಯವಸ್ಥೆ 'ಪೂರ್ವ ಸತ್ತಿತು' ಅಂತ ತೀರ್ಮಾನಿಸಿ ಡೇಟಾಬೇಸ್‌ಗಳ ಯಜಮಾನಿಕೆಯನ್ನು ಪಶ್ಚಿಮ ತೀರಕ್ಕೆ ಕೊಟ್ಟಿತು. ಇಲ್ಲಿ ನಕಲು ನಡೀತಿದ್ದದ್ದು ಮೈಎಸ್‌ಕ್ಯೂಎಲ್ ಮಟ್ಟದಲ್ಲಿ, ಸ್ಟೋರೇಜ್ ಮಟ್ಟದಲ್ಲಲ್ಲ. ಆದರೆ ಪೇಚು ಅದೇ. ಸಂಪರ್ಕ ಮರಳಿದಾಗ ಪೂರ್ವದಲ್ಲಿ ಪಶ್ಚಿಮಕ್ಕೆ ತಲುಪದ ಕೆಲವು ಸೆಕೆಂಡಿನ ಬರಹ ಇತ್ತು, ಆಮೇಲೆ ಪಶ್ಚಿಮದಲ್ಲಿ ಸುಮಾರು 40 ನಿಮಿಷದ ಹೊಸ ಬರಹವೂ ಸೇರಿಹೋಯಿತು. ಅತಿ ಹೆಚ್ಚು ಬಳಕೆಯ ಕ್ಲಸ್ಟರ್‌ಗಳಲ್ಲಿ ಒಂದರಲ್ಲಿ ಹಾಗೆ ಸಿಕ್ಕಿಹಾಕಿಕೊಂಡ ಬರಹಗಳು 954. ಸುಮ್ಮನೆ ಹಿಂದಿರುಗುವ ದಾರಿ ಮುಚ್ಚಿಹೋಗಿತ್ತು. ಸೈಟ್ ನಿಧಾನವಾದರೂ ಪರವಾಗಿಲ್ಲ, ಜನರ ಡೇಟಾ ಕೆಡಬಾರದು ಅಂತ ನಿರ್ಧರಿಸಿದರು. ಬ್ಯಾಕಪ್‌ನಿಂದ ಟೆರಾಬೈಟ್‌ಗಟ್ಟಲೆ ಇಳಿಸಿಕೊಂಡು, ಪ್ರತಿಗಳನ್ನು ಸರಿಹೊಂದಿಸಿ, ಪೂರ್ವಕ್ಕೆ ಮರಳಿ, ಎಲ್ಲ ನೆಟ್ಟಗಾಗುವ ಹೊತ್ತಿಗೆ ಕಳೆದದ್ದು 24 ಗಂಟೆ 11 ನಿಮಿಷ. ಹೋಗೋಕೆ ಸೆಕೆಂಡುಗಳು, ಬರೋಕೆ ಒಂದು ದಿನ. ಇದನ್ನೆಲ್ಲ ಅವರೇ ಬಿಡಿಸಿ ಬರೆದು ಪ್ರಕಟಿಸಿದರು. ಆ ಪ್ರಾಮಾಣಿಕತೆ ನಮ್ಮ ಕಡೆಯ ಕಂಪನಿಗಳಿಗೂ ಬಂದರೆ ನನ್ನಂಥವರು ಕಲಿಯೋದು ಎಷ್ಟೋ ಇದೆ.

ಇನ್ನೊಂದು ಸಂಗತಿ ಗಮನಿಸಿ. ಅವರನ್ನು ಕಾಪಾಡಿದ್ದು ಬ್ಯಾಕಪ್, ಕನ್ನಡಿಯಲ್ಲ. ನೀವು ತಪ್ಪಾಗಿ ಒಂದು ಟೇಬಲ್ ಅಳಿಸಿದರೆ, ರಾನ್ಸಮ್‌ವೇರ್ ಬಂದು ಎಲ್ಲಾ ಫೈಲ್ ಗೀಚಿದರೆ, ಕನ್ನಡಿ ಅದನ್ನೂ ಅಷ್ಟೇ ನಿಯತ್ತಾಗಿ ಆಚೆ ಕಡೆ ತೋರಿಸುತ್ತೆ. ಮಿರರ್ ಇದೆ, ಬ್ಯಾಕಪ್ ಯಾಕೆ ಅಂತ ಕೇಳುವ ಫೈನಾನ್ಸ್ ಮ್ಯಾನೇಜರ್ ಪ್ರತಿ ಕಂಪನಿಯಲ್ಲೂ ಒಬ್ಬರಿರ್ತಾರೆ.

ಡ್ರಿಲ್‌ಗಳ ಬಗ್ಗೆಯೂ ಒಂದು ಮಾತು ಹೇಳಿಬಿಡ್ತೀನಿ. ಎಸ್‌ಆರ್‌ಎಂನಲ್ಲಿ ಟೆಸ್ಟ್ ಅಂತ ಒಂದು ಸೌಲಭ್ಯ ಇದೆ. ಡಿಆರ್ ಕಡೆಯ ಪ್ರತಿಯ ಒಂದು ಸ್ನ್ಯಾಪ್‌ಶಾಟ್ ತೆಗೆದು, ಹೊರಜಗತ್ತಿಗೆ ತಾಗದ ಒಂದು ನೆಟ್‌ವರ್ಕ್‌ನಲ್ಲಿ ವಿಎಂಗಳನ್ನು ಎಬ್ಬಿಸಿ ನೋಡೋದು. ಬಹಳ ಒಳ್ಳೆಯದು. ಆದರೆ ಅಲ್ಲಿ ನಿಜವಾದ ಒಂದು ಬರಹವೂ ಆಗಲ್ಲ, ಹಾಗಾಗಿ ವಾಪಸ್ ತರೋದು ಏನೂ ಇರಲ್ಲ. ನಾನು ಕೆಲಸ ಮಾಡಿದ ಒಂದು ಕಡೆ ವರ್ಷಾನುಗಟ್ಟಲೆ ಇದನ್ನೇ ಡಿಆರ್ ಡ್ರಿಲ್ ಅಂತ ಆಡಿಟರ್‌ಗೆ ತೋರಿಸಿದ್ದರು. ರಿಪೋರ್ಟ್ ಪೂರ್ತಿ ಹಸಿರು. ಒಮ್ಮೆ ನಿಜಕ್ಕೂ ಪವರ್ ತೊಂದರೆಯಾದಾಗ, ಫೇಲ್‌ಓವರ್ ಮಾಡೋಣ್ವಾ ಅಂತ ಕೇಳಿದರೆ ಕಾನ್ಫರೆನ್ಸ್ ಕಾಲ್‌ನಲ್ಲಿದ್ದ ಅಷ್ಟೂ ಜನ ಮ್ಯೂಟ್. ಮೂರು ಗಂಟೆ ಕರೆಂಟಿಗಾಗಿ ಕಾದರು. ಯಾರಲ್ಲೂ ಧೈರ್ಯ ಕಡಿಮೆ ಇತ್ತು ಅಂತಲ್ಲ. ಬರುವ ದಾರಿಯಲ್ಲಿ ಯಾರೂ ಒಮ್ಮೆಯೂ ನಡೆದಿರಲಿಲ್ಲ.

ಎನ್‌ಎಸ್‌ಇ ಘಟನೆಯಾದ ತಿಂಗಳೊಳಗೆ, 2021ರ ಮಾರ್ಚ್‌ನಲ್ಲಿ, ಸೆಬಿ ಹೊಸ ನಿಯಮ ತಂದಿತು. ಮುಖ್ಯ ವ್ಯವಸ್ಥೆ ಕೈಕೊಟ್ಟರೆ 30 ನಿಮಿಷದೊಳಗೆ 'ಡಿಸಾಸ್ಟರ್' ಅಂತ ಘೋಷಿಸಲೇಬೇಕು. ಘೋಷಿಸಿದ 45 ನಿಮಿಷದಲ್ಲಿ ಮತ್ತೆ ಕೆಲಸ ಶುರುವಾಗಬೇಕು; ಮುಂಚೆ ಇದಕ್ಕೆ 4 ಗಂಟೆ ಇತ್ತು. ಡಿಆರ್ ಸೈಟ್ ಬೇರೆ ಭೂಕಂಪ ವಲಯದಲ್ಲಿರಬೇಕು, ಅದಾಗದಿದ್ದರೆ ಕನಿಷ್ಠ 500 ಕಿ.ಮೀ. ದೂರ. ಡೇಟಾ ಕಳೆಯದಿರಲು ಹತ್ತಿರದಲ್ಲೇ ಇನ್ನೊಂದು ಸೈಟ್. ಹತ್ತಿರದ ಸಿಂಕ್ರೊನಸ್ ಕನ್ನಡಿ, ದೂರದ ಅಸಿಂಕ್ರೊನಸ್ ಕನ್ನಡಿ, ಬೆಳಕಿನ ವೇಗದ ಜೊತೆ ಮಾಡಿಕೊಂಡ ರಾಜಿ. ನನಗೆ ಅದರಲ್ಲಿ ಹಿಡಿಸಿದ್ದು ಆ 30 ನಿಮಿಷ. ತಂತ್ರಜ್ಞಾನದ ಬಗ್ಗೆ ಅಲ್ಲ ಅದು, ಮ್ಯೂಟ್‌ನಲ್ಲಿ ಕೂತವರ ಬಗ್ಗೆ.

ನಂತರ 2024ರ ಮಾರ್ಚ್ 2, ಶನಿವಾರ. ರಜೆ ದಿನ ಎನ್‌ಎಸ್‌ಇ, ಬಿಎಸ್‌ಇ ಎರಡೂ ಬಾಗಿಲು ತೆರೆದವು. 9:15ರಿಂದ 10 ಗಂಟೆವರೆಗೆ ಪ್ರೈಮರಿ ಸೈಟ್‌ನಿಂದ ವಹಿವಾಟು. 11:30ರಿಂದ 12:30ರವರೆಗೆ ಡಿಆರ್ ಸೈಟ್‌ನಿಂದ. ಸ್ನ್ಯಾಪ್‌ಶಾಟ್ ಅಲ್ಲ, ಗಾಜಿನ ಡಬ್ಬಿಯೊಳಗಿನ ಆಟ ಅಲ್ಲ. ನಿಜವಾದ ಜನ, ನಿಜವಾದ ದುಡ್ಡು. ಬಹಳ ಜನ ಶನಿವಾರವೂ ಮಾರ್ಕೆಟ್ ಇದೆಯಂತೆ ಅಂತ ಖುಷಿಪಟ್ಟು ನಾಲ್ಕು ಷೇರು ಕೊಂಡರು. ನಾನು ಕಾಫಿ ಹಿಡಿದುಕೊಂಡು ಅವೆರಡರ ನಡುವಿನ ಒಂದೂವರೆ ಗಂಟೆ ಸ್ಕ್ರೀನ್ ನೋಡ್ತಾ ಕೂತಿದ್ದೆ. ಬೆಲೆಗಳು ಅಲ್ಲಾಡುತ್ತಿರಲಿಲ್ಲ. ಒಳಗೆಲ್ಲೋ ಯಾರೋ ಕನ್ನಡಿಯ ದಿಕ್ಕು ತಿರುಗಿಸುತ್ತಿದ್ದರು. 11:30ಕ್ಕೆ ಅಂಕಿಗಳು ಮತ್ತೆ ಓಡತೊಡಗಿದವು. ಮೇ 18ರಂದು, ಅದೂ ಶನಿವಾರವೇ, ಇನ್ನೊಮ್ಮೆ ಮಾಡಿದರು.